ಸಾಹೇಬನ ವೇಷ ಇನ್ನೂ ಕಳಚಿಲ್ಲ

ಸುರಪುರ ರಸ್ತೆಯ ಬೇವಿನ ಕಟ್ಟೆ,
ಮಂಗಳವಾರ, ೧೧-೨-೨೦೨೫, ಮಧ್ಯಾಹ್ನ

ಪ್ರೀತಿಯ ಮೊಮ್ಮಗಳು ಯಶೋಧರಾಳಿಗೆ, ಅಜ್ಜನ ತುಂಬು ಆಶೀರ್ವಾದ.

ಹೇಗಿದ್ದೀಯವ್ವಾ? ಕೆಮ್ಮು ಕಡಿಮೆಯಾಯಿತೇ? ಕಲಬುರಗಿಯ ಹಾಸ್ಟೆಲಿನ ತಿಳಿಸಾರು ಕುಡಿದು ಒಣಗಬೇಡ, ರೊಟ್ಟಿ ತಿನ್ನು. ನಾನು ಗಟ್ಟಿಯಾಗಿದ್ದೇನೆ. ಆದರೆ ನಿನ್ನೆಯಿಂದ ಮೈಮೇಲೆ ಕೆಂಪು ಕೋಟು, ತಲೆಯ ಮೇಲೆ ಗೋರಾ ಸಾಹೇಬನ ಟೊಪ್ಪಿಗೆ ಹಾಗೇ ಇವೆ. ಬುತ್ತಿ ತಂದ ನಿನ್ನ ಅಜ್ಜಿ ದೇವಕಮ್ಮ, 'ಸುಡಗಾಡ ಟೊಪ್ಪಿಗಿ ತೆಗದರ ಉಣ್ಣಾಕ ಕೊಡ್ತೀನಿ, ಸಾಹೇಬಗ ನಮ್ಮ ಮನಿ ರೊಟ್ಟಿ ಇಲ್ಲ' ಎಂದು ಬುತ್ತಿ ಎತ್ತಿಕೊಂಡು ಹೊರಟೇಬಿಟ್ಟಳು. ಅರ್ಧ ದಾರಿಯಿಂದ ತಿರುಗಿ ಬಂದು ಇಟ್ಟುಹೋದಳು ಅನ್ನು.

ನೀನು ಓಡಾಡಿ ನಮ್ಮ ಮೇಳಕ್ಕೆ ಗೊತ್ತುಮಾಡಿದ ನಿನ್ನೆಯ ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಕೆಟ್ಟದ್ದೆಲ್ಲ ಸಭಾಂಗಣದ ಬಾಗಿಲಲ್ಲಿ ಆಯಿತು. ದೊಡ್ಡ ಅತಿಥಿಗಳು ಬರುತ್ತಾರೆ, ಕಬ್ಬಿಣ ಒಳಗೆ ಬಿಡುವಂತಿಲ್ಲ ಎಂದು ಪೊಲೀಸರು ನಾವು ಆಟಕ್ಕೆಂದು ಊರ ಮನೆಮನೆಯಿಂದ ತಂದಿದ್ದ ಕುಡುಗೋಲು, ಕೊಡಲಿ ಎಲ್ಲ ತೆಗೆದುಕೊಂಡರು. ಆಟ ಮುಗಿದ ಮೇಲೆ ಕೊಡುತ್ತೇವೆ ಎಂದರು. ಅವುಗಳ ಬದಲಿಗೆ ಒಳಗೆ ರಟ್ಟಿನ ಕತ್ತಿಗಳು ಸಿಕ್ಕವು. ನಮ್ಮ ಹಿರಿಯರ ಆಯುಧ ಕಸಿದ ಕಂಪನಿ ಸರಕಾರದ ಸಾಹೇಬನಾಗಿ ನಾನು 'ಹತಿಯಾರ್ ಕೆಳಗಿಡ್ರಿ!' ಎಂದು ಗದರಿಸಿದೆ, ಮೇಳದವರು ರಟ್ಟು ಇಟ್ಟರು, ಜನ ಚಪ್ಪಾಳೆ ಹೊಡೆದರು. ಹೊರಗೆ ಬಂದು ನೋಡಿದರೆ ನಮ್ಮ ಕಬ್ಬಿಣ ಜೀಪು ಹತ್ತಿ ಠಾಣೆ ಸೇರಿತ್ತು.

ನಮ್ಮ ಆಟದ ಕಟ್ಟಳೆ ನಿನಗೆ ಗೊತ್ತು. ಕಸಿದುಕೊಂಡ ಕಬ್ಬಿಣವನ್ನು ಸಾಹೇಬನೇ ತನ್ನ ಕೈಯಾರೆ ಆಯಾ ಮನೆಯವರಿಗೆ ಹಿಂದಕ್ಕೆ ಕೊಟ್ಟು, ತಲೆಬಾಗಿ, ಆಮೇಲೆ ವೇಷ ಕಳಚಬೇಕು. 'ಖರೇ ಸಾಹೇಬ ತಿರುಗಿ ಕೊಡಲಿಲ್ಲ, ಅದಕ್ಕ ಆಟದಾಗ ನಾವು ಕೊಡಸ್ತೀವಿ' ಎನ್ನುತ್ತಿದ್ದ ನನ್ನಪ್ಪ. ಈಗ ಟೊಪ್ಪಿಗೆ ತೆಗೆದರೆ ಆಟ ಕಸಿದುಕೊಂಡಲ್ಲಿಗೇ ನಿಂತುಹೋಗುತ್ತದೆ. ಅದಕ್ಕೇ ವೇಷದಲ್ಲೇ ಠಾಣೆಗೆ ಬಂದೆ, ಈಗ ಅದರೆದುರಿನ ಬೇವಿನ ಕಟ್ಟೆಯ ಮೇಲೆ ಕೂತಿದ್ದೇನೆ.

ಇನ್ಸ್‌ಪೆಕ್ಟರು ಕೆಟ್ಟವನಲ್ಲ, ಚಹಾ ಕುಡಿಸಿದ. 'ಅಜ್ಜಾರ, ಇದಕ್ಕೊಂದು ಸಹಿ ಹಾಕ್ರಿ, ಸಾಮಾನು ಒಯ್ರಿ' ಎಂದು ಕಾಗದ ಚಾಚಿದ. ಕನ್ನಡಕ ಹಾಕಿ ಓದಿದೆ: 'ನಮ್ಮಿಂದ ವಶಪಡಿಸಿಕೊಂಡ ಮಾರಕಾಸ್ತ್ರಗಳು.' ಜೋಳ ಕೊಯ್ಯುವ ಕುಡುಗೋಲು ಕಣೇ ಅವು! ಹಿಂದೆ ನಮ್ಮವರೆಲ್ಲ ಅಪರಾಧಿಗಳು ಎಂಬ ಇಂಥದೇ ಒಂದು ಮಾತು ಸರಕಾರದ ಕಾಗದದಲ್ಲಿ ಕೂತದ್ದಕ್ಕೆ ನನ್ನ ಮುತ್ತಜ್ಜ ಬೀಗರ ಊರಿಗೆ ಹೋಗಬೇಕಾದರೂ ಗೌಡನ ಮುಂದೆ ಹಾಜರಿ ಕೊಡಬೇಕಿತ್ತು. ಮಾಡಿದ ತಪ್ಪೇನು ಎಂದು ಸಾಯುವವರೆಗೂ ಅವನಿಗೆ ತಿಳಿಯಲಿಲ್ಲ. 'ಎಲ್ಲಾರಿಗೂ ಹಿಂಗ ಬರೀತೀವ್ರಿ, ರೂಢಿ ಅದು' ಎಂದ ಇನ್ಸ್‌ಪೆಕ್ಟರು. 'ರೂಢಿ ಅಂತನ ನನಗ ಹೆದರಿಕಿರಿ. ಕುಡುಗೋಲು ಅಂತ ಬರೀರಿ, ಈಗ ಹಾಕ್ತೀನಿ' ಎಂದೆ. ಮೇಲಿನವರನ್ನು ಕೇಳಬೇಕಂತೆ. ಊರಲ್ಲಿ ಜೋಳ ಕೊಯ್ಲಿಗೆ ನಿಂತಿದೆ. ಮೇಳದ ಜಗದೇವಪ್ಪನೇ 'ಒಂದು ಸಹಿ ಒಗದು ಬಾರೋ ಮಾರಾಯ' ಎಂದು ಬೆಳಗಿನಿಂದ ತಲೆ ತಿನ್ನುತ್ತಿದ್ದಾನೆ. ಕಟ್ಟೆಯ ಸುತ್ತ ಜನ ಸೇರಿದ್ದಾರೆ, ಯಾರೂ ನಗುತ್ತಿಲ್ಲ. ನನಗೂ ಭಯವಿದೆಯವ್ವಾ, ಸುಳ್ಳೇಕೆ ಹೇಳಲಿ.

ಕಲಬುರಗಿ ಬಸ್ಸಿನ ಕಂಡಕ್ಟರ್ ಗಯಾಸನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ನನ್ನ ಫೋನು ಸತ್ತಿದೆ, ಇನ್ನೊಬ್ಬರ ಫೋನಿನಲ್ಲಿ ಮಾತಾಡೋಣವೆಂದರೆ ಎಲ್ಲರ ಕಿವಿಯೂ ಇತ್ತಲೇ. ಚೆನ್ನಾಗಿ ಓದು, ನೂರು ವರ್ಷ ಬಾಳು.

ನಿನ್ನ ಅಜ್ಜ,
ಮರಿಲಿಂಗಪ್ಪ

ತಾ.ಕ.: ಬಸ್ಸು ಹಾರ್ನ್ ಹೊಡೆಯುತ್ತಿದೆ. ಜಗದೇವಪ್ಪ ಈಗಷ್ಟೇ ಠಾಣೆಯಿಂದ ಬಂದ. ನಾನು ಹಾಕದಿದ್ದರೆ ಕಾರ್ಯಕ್ರಮ ಗೊತ್ತುಮಾಡಿದವರು ಸಹಿ ಹಾಕಿದರೂ ನಡೆಯುತ್ತದಂತೆ. ಆ ಮುಠ್ಠಾಳ ನಿನ್ನ ನಂಬರು ಕೊಟ್ಟುಬಂದಿದ್ದಾನೆ. ಠಾಣೆಯವರು ಫೋನ್ ಮಾಡಿ 'ಅಜ್ಜ ಬಿಸಲಾಗ ಕುಂತಾನ, ಪಾಪ' ಎನ್ನುತ್ತಾರೆ, ನಿನ್ನ ಕರುಳು ಚುರುಕ್ಕೆನ್ನುತ್ತದೆ. ಹಾಕಬೇಡ. 'ಕುಡುಗೋಲು ಅಂತ ಬರದೀರೇನ್ರಿ?' ಎಂದಷ್ಟೇ ಕೇಳು. ಇಲ್ಲವೆಂದರೆ ಫೋನ್ ಇಟ್ಟುಬಿಡು. ಅಳುವುದಿದ್ದರೆ ಇಟ್ಟ ಮೇಲೆ ಅಳು.