ಹಾಜರಿ ಪುಸ್ತಕದಲ್ಲಿ ಅಣ್ಣ

ಶ್ರೀ ಶರಣಬಸವೇಶ್ವರ ಪ್ರಸನ್ನ

ಬ್ರಹ್ಮಪುರ, ಕಲಬುರ್ಗಿ
ಶುಕ್ರವಾರ, ಪುಷ್ಯ ಬಹುಳ ತದಿಗೆ
(ಶಾಲೆಯ ಲೆಕ್ಕದಲ್ಲಿ ಇಸ್ಫಂದಾರ ತಿಂಗಳು, ೧೩೪೬ ಫಸಲಿ)

ತಾಯಿಯ ಸಮಾನಳಾದ ಅಕ್ಕ ಶಿವಕಾಂತಮ್ಮನಿಗೆ ತಮ್ಮನ ಶರಣು ಶರಣಾರ್ಥಿ.

ನಾನು ಆರಾಮ ಇದ್ದೇನೆ. ಈ ಪತ್ರವನ್ನು ಟಪಾಲಿಗೆ ಹಾಕದೆ, ಬಾಳೆಹಣ್ಣು ಇಳಿಸಿ ಕಮಲಾಪುರಕ್ಕೆ ತಿರುಗುವ ದೌಲಪ್ಪನ ಬಂಡಿಯಲ್ಲಿ ಕಳಿಸುತ್ತಿದ್ದೇನೆ. ಟಪಾಲಾದರೆ ನಿನ್ನ ಕಾಗದವನ್ನೂ ಹಂಚುವವನು ಅಪ್ಪನ ಕೈಗೇ ಕೊಡುತ್ತಾನೆ. ನೀನು ನಿನ್ನ ಗಂಡನ ಮನೆಯಲ್ಲೇ ಕೂತು ಒಬ್ಬಳೇ ಓದು. ಅವ್ವ ಕೇಳಿದರೆ ತಮ್ಮ ದಪ್ಪ ಆಗಿದ್ದಾನೆ, ಅವನು ಉಳಿದುಕೊಂಡ ಮನೆಯ ಪುತಳಾಬಾಯಿ ಹೊಟ್ಟೆ ತುಂಬ ಜುಣಕ ರೊಟ್ಟಿ ಹಾಕುತ್ತಾಳೆ ಅಂತ ಹೇಳು. ಅದರಲ್ಲಿ ಅರ್ಧ ಖರೆ. ಅವಳು ಹಾಕುತ್ತಾಳೆ, ನಾನು ದಪ್ಪ ಆಗಿಲ್ಲ.

ಮೊದಲು ಆಟದ ಸುದ್ದಿ ಹೇಳುತ್ತೇನೆ, ನೀನು ನಗು. ನಮ್ಮ ಶಾಲೆಯ ಬಯಲಿನಲ್ಲಿ ಎರಡು ಕಂಬ ನೆಟ್ಟಿದ್ದಾರೆ. ಕಂಬದ ಮೇಲೆ ಹಲಗೆ, ಹಲಗೆಗೆ ಕಮ್ಮಾರ ಬಡಿದುಕೊಟ್ಟ ಕಬ್ಬಿಣದ ಬಳೆ, ಬಳೆಗೆ ಒಂದು ಬಲೆ. ಆ ಬಲೆಗೆ ತಳವೇ ಇಲ್ಲ. ಚರ್ಮದ ಚೆಂಡನ್ನು ಮೇಲಿಂದ ಹಾಕಬೇಕು, ಅದು ಕೆಳಗೆ ಬೀಳುತ್ತದೆ, ಮತ್ತೆ ಹಾಕಬೇಕು. ಅದಕ್ಕೆ ಐದು ಮಂದಿ ಈ ಕಡೆ, ಐದು ಮಂದಿ ಆ ಕಡೆ ಬಡಿದಾಡಬೇಕು. ಹೆಸರು ಬಾಸ್ಕೆಟ್ ಬಾಲ್. ಮದರಾಸಿನಲ್ಲಿ ಕಸರತ್ತಿನ ಶಿಕ್ಷಣ ಮುಗಿಸಿ ಬಂದ ನಬಿಸಾಬ್ ಮಾಸ್ತರರು ಇದನ್ನು ತಂದರು. ಪುತಳಾಬಾಯಿಗೆ ಹೇಳಿದರೆ, "ತಳ ಹೊಲಿಸಾಕ ಬರೂದಿಲ್ಲೇನು ನಿಮಗ? ಒಮ್ಮಿ ಹಾಕಿ ಮನಿಗಿ ಬರಬಹುದಿತ್ತಲ್ಲ" ಅಂದಳು.

ಅಕ್ಕಾ, ಈ ಆಟ ನನ್ನ ಮೈಗೆ ಹತ್ತಿದೆ. ಚೆಂಡಿಗೆ ಒಂದು ಕಡೆ ದಾರದ ಹೊಲಿಗೆ ಇದೆ, ಹೊಲಿಗೆ ನೆಲಕ್ಕೆ ತಾಗಿದರೆ ಓರೆ ಪುಟಿಯುತ್ತದೆ. ಎಲ್ಲರಿಗೂ ಅದು ಕಾಟ. ನನಗೆ ಅದು ಎತ್ತ ಹಾರುತ್ತದೆಂದು ಮೊದಲೇ ಗೊತ್ತಾಗುತ್ತದೆ. ಓಡುವಾಗ ನನಗೆ ಉರ್ದು ಬರುವುದಿಲ್ಲ, ಲೆಕ್ಕ ಬರುವುದಿಲ್ಲ ಎಂಬುದೆಲ್ಲ ಮರೆಯುತ್ತದೆ. ಒಂದೇ ಒಂದು ಮರೆಯುವುದಿಲ್ಲ. ಅದನ್ನು ಹೇಳಲಿಕ್ಕೇ ಇಂದು ಕೂತಿದ್ದೇನೆ.

ಇಲ್ಲಿ ನನ್ನ ಹೆಸರು ಅಣವೀರಪ್ಪ ಅಲ್ಲ. ಇಲ್ಲಿ ನಾನು ಮಲ್ಲಣ್ಣ.

ನಮ್ಮ ಮಲ್ಲಣ್ಣ ಹೋದ ಬೇಸಿಗೆಯಲ್ಲಿ ಮಣ್ಣಾದ, ನಾನು ಜೂನ್‌ನಲ್ಲಿ ಇಲ್ಲಿಗೆ ಬಂದೆ, ಇಷ್ಟು ನಿನಗೆ ಗೊತ್ತು. ಈ ಶಾಲೆಯಲ್ಲಿ ಜಾಗ ಸಿಕ್ಕಿದ್ದು ಅವನಿಗೆ. ಕಮಲಾಪುರದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಿದ್ದ. ನಾನು ಅವನಿಗಿಂತ ಒಂದು ತರಗತಿ ಕೆಳಗಿದ್ದೆ. ಕಲಬುರ್ಗಿಯಲ್ಲಿ ಯಾರೂ ಅವನ ಮುಖ ನೋಡಿರಲಿಲ್ಲ. ಅಪ್ಪ ನನ್ನನ್ನು ಕರೆತಂದು, ಅವನ ಕಾಗದ ತೋರಿಸಿ, "ಇವನೇ ನನ್ನ ಮಗ ಮಲ್ಲಣ್ಣ" ಅಂದ. ಗುಮಾಸ್ತ ತಲೆ ಎತ್ತದೆ ಬರೆದುಕೊಂಡ. ಅವ್ವನಿಗೆ ಇದು ಗೊತ್ತಿಲ್ಲ. ನಿನಗೂ ಹೇಳಬಾರದೆಂದು ಅಪ್ಪ ಬಸವಣ್ಣನ ಆಣೆ ಹಾಕಿಸಿದ್ದ.

ಅಂದಿನಿಂದ ದಿನಾ ಮುಂಜಾನೆ ಮಾಸ್ತರರು ಮಲ್ಲಣ್ಣ ಅನ್ನುತ್ತಾರೆ, ನಾನು ಎದ್ದು ಹಾಜಿರ್ ಅನ್ನುತ್ತೇನೆ. ಆದರೆ ಆ ಹೆಸರು ಕಿವಿಗೆ ಬಿದ್ದ ಕೂಡಲೇ ನನ್ನ ಕುತ್ತಿಗೆ ತಾನೇ ಹಿಂದಕ್ಕೆ ತಿರುಗುತ್ತದೆ. ಅಣ್ಣ ಎಲ್ಲಿದ್ದಾನೆ ಅಂತ ನೋಡಿ, ಆಮೇಲೆ ಏಳುತ್ತೇನೆ. ಹುಡುಗರು ನನಗೆ ಕಿವುಡ ಮಲ್ಯಾ ಅಂತ ಹೆಸರಿಟ್ಟಿದ್ದಾರೆ. ಹೆಸರಿನ ಮೇಲೆ ಮತ್ತೊಂದು ಹೆಸರು.

ಅವನ ಪುಸ್ತಕಗಳೇ ನನ್ನ ಪುಸ್ತಕಗಳು. ಅವನು ಜ್ವರ ಬಂದು ಮಲಗುವ ಮುಂಚಿನ ದಿನಗಳಲ್ಲಿ ಈ ವರ್ಷದ ಉರ್ದು ಪಾಠಗಳನ್ನು ಮುಂದಾಗಿ ಓದಿಟ್ಟಿದ್ದ. ಕಷ್ಟದ ಮಾತಿಗೆಲ್ಲ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದ ಅರ್ಥ. ಒಂದು ಕಡೆಯಂತೂ, "ಇದು ಅಣವೀರನಿಗೆ ತಿಳಿಯೂದಿಲ್ಲ, ಹೇಳಿಕೊಡಬೇಕು" ಅಂತ ಬರೆದಿದ್ದಾನೆ. ಒಂಬತ್ತನೇ ಪಾಠದವರೆಗೆ ಹೀಗೇ ನನ್ನ ಕೈ ಹಿಡಿದು ನಡೆಸಿದ. ಮೊದಲ ಪರೀಕ್ಷೆಯಲ್ಲಿ ನಾನು ಪಾಸಾದದ್ದು ಹಾಗೆ. ಹತ್ತನೇ ಪಾಠದ ಅಂಚು ಖಾಲಿ. ಅಲ್ಲಿಂದ ಮುಂದೆ ನನಗೂ ಕತ್ತಲೆ. ಎರಡನೇ ಪರೀಕ್ಷೆಯಲ್ಲಿ ನಾಲ್ಕು ವಿಷಯ ಹೋದವು. ಓದುವಾಗ ನಾನು ಖಾಲಿ ಅಂಚಿನ ಸಂಗಡ ಮಾತಾಡುತ್ತೇನಂತೆ. ಪುತಳಾಬಾಯಿ ಬಾಗಿಲಲ್ಲಿ ನಿಂತು, "ಯಾರ ಜೋಡಿ ಮಾತಾಡಾಕತ್ತೀಯೋ ಬಾಳಾ? ಊಟಕ್ಕ ಎಷ್ಟು ತಾಟ ಹಾಕಲಿ?" ಅಂದಳು. ಚೇಷ್ಟೆಗೆ ಅಂದಳು. ನಾನು ಪುಸ್ತಕ ಮುಚ್ಚಿಟ್ಟೆ.

ದೀಪಾವಳಿ ಆದ ಮೇಲೆ ಒಂದು ಮುಂಜಾನೆ ಚೆಂಡು ಪಾಪಾಸುಕಳ್ಳಿಯಲ್ಲಿ ಸಿಕ್ಕಿಕೊಂಡಿತು. ಬಿಡಿಸಿಕೊಂಡು ತರಗತಿಗೆ ಬರುವಷ್ಟರಲ್ಲಿ ಹಾಜರಿ ಮುಗಿದಿತ್ತು. ಛಡಿ ಏಟಿಗೆ ಕೈ ಚಾಚಿದರೆ ಮಾಸ್ತರರು, "ಹಾಜಿರ್ ಹೇಳಿ ಎಲ್ಲಿ ಓಡಿ ಹೋಗಿದ್ದಿ?" ಅಂತ ಬೈದು ಕೂರಿಸಿದರು. ನನ್ನ ಬೆಂಚಿನ ಗೆಳೆಯ ಇಮಾಮುದ್ದೀನನೇ ನನಗಾಗಿ ಕೂಗಿರಬೇಕೆಂದು ಅವನಿಗೆ ಉಪಕಾರ ಹೇಳಿದೆ. ಅವನು ನನ್ನ ಮುಖವನ್ನೇ ನೋಡಿದ. "ಖುದಾ ಕಸಮ್, ನಾ ಅಂದಿಲ್ಲ. ಹಿಂದಿನಿಂದ ನೀನೇ ಅಂದಿ. ಧ್ವನಿ ನಿಂದೇ, ಒಂಚೂರು ದಪ್ಪ ಇತ್ತು" ಅಂದ. ಅಕ್ಕಾ, ಅಣ್ಣನ ಧ್ವನಿ ಒಡೆದು ದಪ್ಪಗಾಗಿದ್ದು ನಿನಗೆ ನೆನಪಿದೆಯಲ್ಲ. ನನ್ನದು ಇನ್ನೂ ಒಡೆದಿಲ್ಲ.

ನಾಲ್ಕು ವಿಷಯ ಹೋದಾಗ ಹೆಡ್ ಮಾಸ್ತರರು ನನ್ನ ಆಟ ಬಂದ್ ಮಾಡಿಸಿದರು. ನಬಿಸಾಬ್ ಮಾಸ್ತರರು ಅವರ ಮುಂದೆ ಎಷ್ಟು ಹೊತ್ತು ನಿಂತರೋ ಗೊತ್ತಿಲ್ಲ, ಒಂದು ತಿಂಗಳ ಮುದ್ದತು ತಂದರು. ಇಮಾಮುದ್ದೀನ ದಿನಾ ಶಾಲೆಗೆ ಮುಂಚೆ ನನಗೆ ಉರ್ದು ಹೇಳಬೇಕು, ನಾನು ಅವನಿಗೆ ಓಡುತ್ತ ಚೆಂಡು ಪುಟಿಸುವುದನ್ನು ಕಲಿಸಬೇಕು. ಅವನಿಗೆ ಎರಡು ಎಡಗಾಲು, ನನಗೆ ಎರಡು ಎಡನಾಲಿಗೆ. ನಕ್ಕು ನಕ್ಕು ಕಲಿತೆವು. ಹತ್ತನೇ ಪಾಠದ ಅಂಚಿನಲ್ಲಿ ನಾನೇ ಅರ್ಥ ಬರೆದೆ. ಅಣ್ಣನ ಅಕ್ಷರ ಮುತ್ತು, ನನ್ನದು ಕೋಳಿ ಕೆದರಿದಂತೆ. ಆದರೂ ಹದಿನಾಲ್ಕನೇ ಪಾಠದವರೆಗೆ ತುಂಬಿಸಿದೆ. ಮರುಪರೀಕ್ಷೆಯಲ್ಲಿ ಮೂರು ವಿಷಯ ಬಂದವು, ಒಂದು ಉಳಿಯಿತು. ಆಟಕ್ಕೆ ಬಿಟ್ಟರು.

ಸಂಕ್ರಮಣದ ಮರುದಿನ ಬೀದರಿನ ಹುಡುಗರು ಆಡಲು ಬಂದರು. ನಾನು ಚಲೋ ಆಡಿದೆ, ಇದು ಜಂಬ ಅಲ್ಲ. ಕಡೆಗೆ ಅವರದು ಒಂದು ಅಂಕ ಹೆಚ್ಚು. ಅವರ ಹುಡುಗ ನನ್ನನ್ನು ತಳ್ಳಿದ್ದಕ್ಕೆ ನನಗೆ ಎರಡು ಎಸೆತ ಸಿಕ್ಕವು. ಗೆರೆಯ ಮೇಲೆ ಒಬ್ಬನೇ ನಿಂತು ಎಸೆಯಬೇಕು, ಯಾರೂ ಅಡ್ಡ ಬರುವಂತಿಲ್ಲ. ಇಡೀ ಬಯಲು ಒಂದೇ ಧ್ವನಿಯಲ್ಲಿ ಮಲ್ಲಣ್ಣ, ಮಲ್ಲಣ್ಣ ಅಂತ ಕೂಗಿತು. ಆಗ ನನಗೆ ಏನನ್ನಿಸಿತೆಂದರೆ, ಇಷ್ಟು ಮಂದಿ ಕರೆದರೆ ಅವನು ಬಾರದೆ ಇರುತ್ತಾನೆಯೇ. ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು. ಎಸೆತದ ನಡುವೆಯೇ ಹಿಂದೆ ತಿರುಗಿದೆ. ಎರಡೂ ಎಸೆತ ಬಳೆಗೂ ತಾಗಲಿಲ್ಲ. ನಾವು ಸೋತೆವು.

ನಬಿಸಾಬ್ ಮಾಸ್ತರರು ಬೈಯಲಿಲ್ಲ. "ಐದು ಮಂದಿ ಮೈಮ್ಯಾಲ ಬಿದ್ದಾಗ ಹುಲಿ ಇದ್ದಂಗ ಇರ್ತಿ. ಒಬ್ಬನ್ನೇ ನಿಲ್ಲಿಸಿದ್ರ ಯಾಕ ನಡಗ್ತಿ?" ಅಂದರು. ನಾನು ಒಬ್ಬನೇ ಇರಲಿಲ್ಲ ಅಂತ ಹೇಗೆ ಹೇಳಲಿ?

ಅಷ್ಟಾದರೂ ಅವರು ಹೈದರಾಬಾದಿನ ಪಂದ್ಯಕ್ಕೆ ನನ್ನನ್ನು ಆರಿಸಿದರು. ನಿನ್ನೆ ಶಾಲೆ ಬಿಟ್ಟ ಮೇಲೆ ಒಂದು ಕಾಗದ ಮುಂದಿಟ್ಟು ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಬರೆದು ಸಹಿ ಹಾಕು ಅಂದರು. ಹೈದರಾಬಾದು, ರೈಲು, ನೂರಾರು ಮಂದಿಯ ಮುಂದೆ ಆಟ, ಎಲ್ಲ ಆ ಒಂದು ಸಹಿಯ ಆಚೆಗಿತ್ತು. ಮಲ್ಲಣ್ಣ ಅಂತ ಬರೆಯಲು ನನಗೆ ಕಷ್ಟವಿರಲಿಲ್ಲ, ಎಂಟು ತಿಂಗಳು ಬರೆದ ಕೈ. ಆದರೆ ಹುಟ್ಟಿದ ದಿನ ಬರೆಯುವಾಗ ಲೇಖನಿ ನಿಂತಿತು. ಮುಂದಿನ ತಿಂಗಳಿಗೆ ಅವನಿಗೆ ಹದಿನೇಳು ತುಂಬುತ್ತದೆ. ಮುಂದಿನ ವರ್ಷ ಹದಿನೆಂಟು. ನಾನು ಬೆಳೆದಷ್ಟೂ ಅವನನ್ನು ಹೊತ್ತುಕೊಂಡು ಬೆಳೆಯಬೇಕು. ನನ್ನ ಮದುವೆಯ ಪತ್ರಿಕೆಯಲ್ಲೂ ಅವನೇ ಇರುತ್ತಾನೆ. ಅಣವೀರಪ್ಪ ಎಂಬುವನು ಎಲ್ಲಿ ಹೋದ ಅಂತ ಕೇಳಲಿಕ್ಕೂ ಯಾರೂ ಇರುವುದಿಲ್ಲ.

ಕಾಗದ ತಿರುಗಿ ಕೊಟ್ಟು ಎಲ್ಲ ಹೇಳಿಬಿಟ್ಟೆ.

ಮಾಸ್ತರರು ಚೆಂಡನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ, "ಮಗಾ, ಇದನ್ನ ನಾ ಮುಚ್ಚಿಡಾಕ ಆಗೂದಿಲ್ಲ. ಮುಚ್ಚಿಟ್ರ ನನ್ನ ನೌಕರಿ ಹೋಗ್ತದ, ನನಗ ಮೂರು ಹೆಣ್ಣುಮಕ್ಕಳದಾರ. ಶನಿವಾರ ನೀನೇ ಹೆಡ್ ಮಾಸ್ತರರಿಗಿ ಹೇಳು, ನಾ ಬಾಜೂಕ ನಿಂದರ್ತೀನಿ" ಅಂದರು. ಎದ್ದು ಹೋಗುವವರು ನಿಂತು, "ಖರೆ ಹೆಸರೇನಂದಿ?" ಅಂದರು. ಹೇಳಿದೆ. ಚೆಂಡನ್ನು ನನ್ನ ಎದೆಗೆ ಎಸೆದು, "ಅಣವೀರಪ್ಪ, ಗೆರಿ ಮ್ಯಾಲ ನಿಂದರು. ಹತ್ತು ಹೊಡಿ" ಅಂದರು. ಅವರ ಬಾಯಲ್ಲಿ ನನ್ನ ಹೆಸರು ಕೇಳಿ ಕುತ್ತಿಗೆ ಹಿಂದಕ್ಕೆ ತಿರುಗಲಿಲ್ಲ. ಹತ್ತರಲ್ಲಿ ಆರು ಬಿದ್ದವು.

ನಾಳೆ ನನ್ನ ಹೆಸರು ಹೊಡೆದುಹಾಕುತ್ತಾರೆ. ಹೈದರಾಬಾದಿಗೆ ನನ್ನ ಬದಲು ಇಮಾಮುದ್ದೀನ ಹೋಗುತ್ತಾನೆ. ಅವನಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಅಳುತ್ತಾನೆ. ಬೇಸಿಗೆಯಲ್ಲಿ ಪರೀಕ್ಷೆಗೆ ಕೂತು ಒಂದು ತರಗತಿ ಕೆಳಗೆ ಸೇರಬಹುದೇನೋ ಅಂತ ನಬಿಸಾಬ್ ಮಾಸ್ತರರ ಅಂದಾಜು. ಸೇರಿಸಿಕೊಳ್ಳದೆಯೂ ಇರಬಹುದು.

ಅದಕ್ಕಿಂತ ನನ್ನನ್ನು ಸುಡುವುದು ಬೇರೆ. ಲೋಕದಲ್ಲೆಲ್ಲ ಅಣ್ಣ ಸತ್ತಿದ್ದರೂ ಆ ಹಾಜರಿ ಪುಸ್ತಕದಲ್ಲಿ ಇನ್ನೂ ಜೀವಂತ ಇದ್ದಾನೆ. ನಾಳೆ ಕೆಂಪು ಶಾಯಿಯ ಗೆರೆ ಬೀಳುತ್ತದೆ. ಈ ಸಲ ಜ್ವರ ಅಲ್ಲ, ನಾನು.

ಶಾಲೆಯ ಕಾಗದ ಬರುವ ಮುಂಚೆ ನೀನು ಅಪ್ಪನಿಗೆ ತಿಳಿಸು. ಅವ್ವನಿಗೆ ನಾನೇ ಬಂದು ಹೇಳುತ್ತೇನೆ.

ನಿನ್ನ ತಮ್ಮ,
ಅಣವೀರಪ್ಪ

ತಾ.ಕ. ಅಕ್ಕಾ, ಮೇಲೆ ಅಪ್ಪ ಅಪ್ಪ ಅಂತ ಬರೆದೆ. ಅಪ್ಪನನ್ನು ಬೈಯಬೇಡ. ಮಣ್ಣು ಕೊಟ್ಟ ಮೂರನೇ ದಿನ, ಅಣ್ಣನ ಜಾಗಕ್ಕೆ ನನ್ನನ್ನೇ ಕಳಿಸು, ಅಲ್ಲಿ ಯಾರಿಗೂ ಗೊತ್ತಾಗೂದಿಲ್ಲ ಅಂತ ಅಪ್ಪನ ಕಿವಿಯಲ್ಲಿ ಹೇಳಿದವನು ನಾನು. ಅದಕ್ಕೂ ಮುಂಚಿನದು ಒಂದಿದೆ. ಅಣ್ಣನ ಜ್ವರದ ಏಳನೇ ದಿನ ಮಧ್ಯಾಹ್ನ ನೀವೆಲ್ಲ ಹಿತ್ತಲಲ್ಲಿದ್ದಿರಿ. ಶಾಲೆಗೆಂದು ಅವನಿಗೆ ಹೊಲಿಸಿದ್ದ ಹೊಸ ಕೋಟನ್ನು ನಾನು ತೊಟ್ಟು ನೋಡಿಕೊಂಡೆ. ಅವನು ನಿದ್ದೆಯಲ್ಲಿದ್ದಾನೆ ಅಂದುಕೊಂಡಿದ್ದೆ. ಕಣ್ಣು ಬಿಟ್ಟು ನನ್ನನ್ನು ನೋಡಿದ. ಸಿಟ್ಟಾಗಲಿಲ್ಲ. "ತೋಳು ಉದ್ದ ಆಗ್ತಾವ, ಮಡಚಿಕೋ" ಅಂದ.