ಅಶ್ವತ್ಥಪ್ಪನವರ ಸೂರ್ಯ

ಸುಗಟೂರು, ಜುಲೈ ೧೪, ಸೋಮವಾರ

ಅತ್ತೆಯ ಬಿಪಿ ಮಾತ್ರೆಗಳನ್ನು ಮೊಬೈಲಿನಲ್ಲಿ ಆರ್ಡರ್ ಮಾಡಿದ್ದು ನಾನೇ. ಶುಕ್ರವಾರವೇ ಮನೆಬಾಗಿಲಿಗೆ ಬಂದವು. ಇವತ್ತಿನವರೆಗೂ ಅವರು ಒಂದನ್ನೂ ನುಂಗಲಿಲ್ಲ. ಕೋಲಾರದ ಮೆಡಿಕಲ್ ಶಾಪಿನ ಅಶ್ವತ್ಥಪ್ಪನವರು ಬೆಳಗಿನ ಮಾತ್ರೆಗೆ ಸೂರ್ಯನ ಚಿತ್ರ, ರಾತ್ರಿಯದಕ್ಕೆ ಚಂದ್ರನ ಚಿತ್ರ ಬರೆದುಕೊಡುತ್ತಿದ್ದರು. ಓದು ಬಾರದ ಅತ್ತೆಗೆ ಅದೇ ಗುರುತು. ನಾನೂ ಪೆನ್ನು ಹಿಡಿದು ಬರೆದೆ.

"ಇದು ಸೂರ್ಯ ಅಲ್ಲ ಕಣೇ, ಜೇಡ!"

ಕೊನೆಗೆ ಇವತ್ತು, ಮನೆಗೇ ಬಂದ ಮಾತ್ರೆಗಳನ್ನು ಬಸ್ಸಿನಲ್ಲಿ ಕೋಲಾರಕ್ಕೆ ಹೊತ್ತೊಯ್ದೆ.

ಅಶ್ವತ್ಥಪ್ಪನವರು ಬರೆಯುತ್ತಲೇ ಕೇಳಿದರು: "ಮನೆಗೆ ತಂದ್ಕೊಡೋರು ಸೂರ್ಯ ಬರ್ಕೊಡಲ್ವೇನಮ್ಮ?"

ನಾಚಿಕೆಯಾಗಿ ಒಂದು ಕೆಮ್ಮಿನ ಸಿರಪ್ ಕೊಂಡೆ. ನಮ್ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ. ಅವರು ಅಭ್ಯಾಸಬಲದಿಂದ ಅದರ ಮೇಲೂ ಚಂದ್ರ ಬರೆದುಬಿಟ್ಟರು.

ಅತ್ತೆ ತಮ್ಮ ಮಾತ್ರೆ ನುಂಗಿಯಾಯಿತು. ಈಗ ಚಮಚ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಾರೆ.

"ಬರೆದಿದ್ದು ಸಾಕು, ಬಾಯಿ ತೆಗಿಯೇ. ಚಂದ್ರ ಇದೆ."