ಸಬಾಹತಳ ನೀಲಿ ಅಂಚಿನ ತಟ್ಟೆ

ಇಂಜಿರ್ಲಿ ಕೊಲ್ಲಿ
೧೪ ಅಕ್ಟೋಬರ್ ೨೦೨೩, ಶನಿವಾರ ಮಧ್ಯಾಹ್ನ

ಪ್ರೀತಿಯ ಸಬಾಹತ್,

ನಿನ್ನ ಅಂಗಳಕ್ಕೂ ನನ್ನ ಅಂಗಳಕ್ಕೂ ನಡುವೆ ಇರುವುದು ಸೊಂಟದೆತ್ತರದ ಒಂದು ಗೋಡೆ. ನೀನು ಕೆಮ್ಮಿದರೂ ನನಗೆ ಕೇಳುತ್ತದೆ. ಹಾಗಿದ್ದೂ ಕಾಗದ ಬರೆಯಲು ಕುಳಿತಿದ್ದೇನೆ. ನಗು ಬಂದರೆ ಈಗಲೇ ನಕ್ಕುಬಿಡು, ಮುಂದೆ ಓದಿದ ಮೇಲೆ ಬರುತ್ತದೋ ಇಲ್ಲವೋ. ಎದುರಿಗೆ ನಿಂತು ಹೇಳುವಷ್ಟು ತ್ರಾಣ ನನಗಿಲ್ಲ. ಏಪ್ರಿಲ್‌ನಿಂದ ಪ್ರವಾಸಿಗರಿಗೆ ಕೊಡುವ ಎಂಟು ಕೋಣೆ, ಹದಿನಾರು ಹಾಸಿಗೆ, ಮೆಟ್ಟಿಲ ತುಂಬ ಮರಳು. ಗುಡಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಇನ್ಯಾರೋ ಒದ್ದೆ ಕಾಲಿನಲ್ಲಿ ಹತ್ತುತ್ತಾರೆ. ನಿನಗೆ ಇದನ್ನೆಲ್ಲ ಹೇಳಬೇಕಾಗಿಲ್ಲ, ನಿನ್ನ ಬೆನ್ನೂ ನನ್ನ ಬೆನ್ನೂ ಒಂದೇ ಕೆಲಸಕ್ಕೆ ಸವೆದವು. ಆದರೆ ಈ ಸಲದ ದಣಿವು ಕಾಲಿನದಲ್ಲ.

ಮೊದಲು ಉಪಚಾರದ ಮಾತು. ಗುರುವಾರ ನೀನು ನಿನ್ನ ನೀಲಿ ಅಂಚಿನ ತಟ್ಟೆಯನ್ನು ಮತ್ತೆ ತುಂಬಿ ಗೋಡೆಯ ಮೇಲಿಟ್ಟ ಎಲೆಸುರುಳಿ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ತಿಂದೆ. ಈಗಲೂ ಕಿರುಬೆರಳಿಗಿಂತ ತೆಳ್ಳಗೆ ಸುತ್ತುತ್ತೀಯ, ನನ್ನವು ಇಂದಿಗೂ ಹೆಬ್ಬೆರಳ ಗಾತ್ರವೇ. ಇಪ್ಪತ್ತೆರಡು ಇದ್ದವು, ಇಪ್ಪತ್ತೆರಡನ್ನೂ ನಾನೇ ತಿಂದೆ, ನಿಂತುಕೊಂಡೇ ತಿಂದೆ.

ನೀನು ಕೂಗಿದ್ದು ಕೇಳಿಸಿತು. "ನಜ್ಮಿಯೆ, ತಟ್ಟೆ ತಗೊಳ್ಳೇ, ಇರುವೆ ಮುತ್ಕೊಳುತ್ತೆ!" ಹನ್ನೊಂದು ವರ್ಷದ ಮೇಲೆ ನನ್ನ ಹೆಸರು ನಿನ್ನ ಬಾಯಲ್ಲಿ. ನಾನು ಪರದೆಯ ಹಿಂದೆ ಕಳ್ಳಿಯ ಹಾಗೆ ನಿಂತಿದ್ದೆ. ಅದು ನಿನಗೂ ಕಂಡಿರಬೇಕು, ಯಾಕೆಂದರೆ ನೀನು ಪರದೆಗೇ ಹೇಳಿದೆ: "ಅವತ್ತು ನಿನ್ನ ಮೇಲೆ ಅನುಮಾನಪಟ್ಟು ಕೇಳಿದ್ನಲ್ಲ, ತಪ್ಪು ನಂದೇ ಕಣೆ. ನೀನೇ ಮೊದಲು ತಟ್ಟೆ ಕಳಿಸಿದ್ಯಲ್ಲ, ಸಾಕು. ಇಬ್ರಿಗೂ ವಯಸ್ಸಾಯ್ತು, ಬಿಡು ಇನ್ನ." ಆಮೇಲೆ ನಿನ್ನ ಚಪ್ಪಲಿಯ ಸದ್ದು ಒಳಗೆ ಹೋಯಿತು. ನಾನು ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತೆ.

ಸಬಾಹತ್, ಆ ತಟ್ಟೆಯನ್ನು ನಾನು ಕಳಿಸಲಿಲ್ಲ.

ಕ್ರಮವಾಗಿ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಇಲ್ಲವಾದರೆ ನಾನು ನಡುವೆ ಎಲ್ಲೋ ನುಣುಚಿಕೊಳ್ಳುತ್ತೇನೆ.

ನಿನ್ನ ಬಾಗಿಲಿಗೆ ತಟ್ಟೆ ತಂದವಳು ಈ ವರ್ಷದ ನನ್ನ ಕೊನೆಯ ಅತಿಥಿ, ಮೂರನೇ ಕೋಣೆಯ ಮಾಲ್ಲೆ. ಎಸ್ಟೋನಿಯಾದವಳು, ನಿವೃತ್ತ ಶಿಕ್ಷಕಿ, ಎಪ್ಪತ್ತು ದಾಟಿದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಸಮುದ್ರಕ್ಕಿಳಿದು ಅಂಗಾತ ಮಲಗಿ ಹಾಡಿಕೊಳ್ಳುತ್ತಾಳೆ. ಆಲಿವ್‌ನ ಬೀಜವನ್ನು ಸಹ ಚೀಪಿ ಚೀಪಿ ಇಡುತ್ತಾಳೆ. ಈ ಕಸುಬಿನ ನಲವತ್ತು ವರ್ಷದಲ್ಲಿ ಈ ಕೊಲ್ಲಿಯನ್ನು ಇಷ್ಟು ಮನಸಾರೆ ಅನುಭವಿಸಿದವರನ್ನು ನಾನು ನೋಡಿಲ್ಲ, ನನ್ನನ್ನೂ ಸೇರಿಸಿ. ಅವಳ ಬಳಿ ಒಂದು ಪುಟ್ಟ ನೋಟುಬುಕ್ಕಿದೆ. ನಮ್ಮ ರೀತಿ ರಿವಾಜುಗಳನ್ನೆಲ್ಲ ಅದರಲ್ಲಿ ಬರೆದುಕೊಂಡು ಬಂದಿದ್ದಾಳೆ. ಈಜುಡುಗೆಯಲ್ಲಿ ಸಂತೆಗೆ ಹೋಗುವುದಿಲ್ಲ, ಮಂಡಿಯ ಕೆಳಗಿನವರೆಗೆ ಬಟ್ಟೆ ಸುತ್ತಿಕೊಳ್ಳುತ್ತಾಳೆ. ಹೊಸಿಲಲ್ಲಿ ಚಪ್ಪಲಿ ಬಿಟ್ಟು ಜೋಡಿಸಿಡುತ್ತಾಳೆ. ಮಸೀದಿ ನೋಡಲು ಹೋದಾಗ ತಲೆಯ ಮೇಲೆ ಎರಡು ಸ್ಕಾರ್ಫು, ಒಂದು ಜಾರಿದರೆ ಇನ್ನೊಂದು ಇರಲಿ ಎಂದು. ನೆಲಕ್ಕೆ ಬಿದ್ದ ರೊಟ್ಟಿ ಚೂರನ್ನು ಎತ್ತಿ, ಮುತ್ತಿಟ್ಟು, ಗೋಡೆಯ ಮೇಲಿಡುತ್ತಾಳೆ. ಅವಳು ಹಾಗೆ ಮಾಡುವುದನ್ನು ನೋಡಿದಾಗಲೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಯಾಕೆಂದು ಮುಂದೆ ಹೇಳುತ್ತೇನೆ.

ಮಂಗಳವಾರ ನನ್ನ ಕಾಲು ಊದಿತ್ತು. ಸಿಂಕಿನ ತುಂಬ ಎಂಜಲು ಪಾತ್ರೆ. ಅವಳಿಗೆ ದಾಳಿಂಬೆ ಬಿಡಿಸಿ ಕೊಡೋಣವೆಂದರೆ ತೊಳೆದ ತಟ್ಟೆ ಒಂದೂ ಇಲ್ಲ. ಕಣ್ಣು ಎಳೆಯುತ್ತಿತ್ತು, ಯೋಚಿಸದೆ ಮೇಲಿನ ಹಲಗೆಗೆ ಕೈ ಹಾಕಿದೆ. ಹಂಡೆಯ ಹಿಂದೆ ಬಚ್ಚಿಟ್ಟಿದ್ದ ನಿನ್ನ ನೀಲಿ ಅಂಚಿನ ತಟ್ಟೆ ಕೈಗೆ ಬಂತು. ಅದರಲ್ಲೇ ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ಯಾವ ತಟ್ಟೆಯೆಂದು ನೆನಪಾಯಿತು, ವಾಪಸು ಕೇಳಲು ಮೆಟ್ಟಿಲು ಹತ್ತಬೇಕಿತ್ತು, ಹತ್ತಲಿಲ್ಲ.

ಮಾಲ್ಲೆ ತಟ್ಟೆ ತೊಳೆಯುವಾಗ ತಿರುಗಿಸಿ ನೋಡಿದ್ದಾಳೆ. ಕೆಳಗೆ ಕೆಂಪು ಉಗುರುಬಣ್ಣದಲ್ಲಿ ನಿನ್ನ ಹೆಸರು. ಮದುವೆಮನೆಗಳಿಗೆ ಪಾತ್ರೆ ಕೊಟ್ಟಾಗ ಕಳೆಯದಿರಲಿ ಎಂದು ನಾವಿಬ್ಬರೂ ಒಂದೇ ಶೀಷೆಯಿಂದ ಬರೆದುಕೊಂಡದ್ದು ನೆನಪಿದೆಯಾ? ಬಟ್ಟೆ ಒಗೆಯುವ ಗುಲ್ಸುಮ್‌ಳನ್ನು ಕೇಳಿದ್ದಾಳೆ, "ದಯವಿಟ್ಟು ಹೇಳಿ, ಸಬಾಹತ್ ಎಂಬುವರು ಯಾರು?" ಪುಸ್ತಕ ನೋಡಿ ಕಲಿತ ಭಾಷೆ, ಪಾಪ. ಗುಲ್ಸುಮ್ ಗೋಡೆಯ ಕಡೆ ಗಲ್ಲ ತೋರಿಸಿದ್ದಾಳೆ, "ಅವ್ರೇ, ಪಕ್ಕದ್ಮನೆಯೋರು." ಅಷ್ಟು ಸಾಕಾಯಿತು. ನಮ್ಮಲ್ಲಿ ಯಾರದೇ ತಟ್ಟೆಯನ್ನು ಖಾಲಿ ಹಿಂತಿರುಗಿಸುವುದಿಲ್ಲವೆಂದು ಅವಳ ನೋಟುಬುಕ್ಕಿನಲ್ಲಿದೆಯಂತೆ. ತನ್ನೂರಿನ ಕಪ್ಪು ರೊಟ್ಟಿ, ಬಾದಾಮಿ ಮಿಠಾಯಿ ಜೋಡಿಸಿದಳು. ಮದ್ಯ ಬೆರೆತ ಚಾಕೊಲೇಟುಗಳನ್ನು ಒಂದೊಂದಾಗಿ ಆರಿಸಿ ತೆಗೆದಿಟ್ಟಳು. ನಿನ್ನ ಬಾಗಿಲು ತಟ್ಟಿ ನಜ್ಮಿಯೆ ಅವರ ಮನೆಯಿಂದ ಎಂದಳು. ಅದರಲ್ಲಿ ಸುಳ್ಳಿಲ್ಲ, ನನ್ನ ಮನೆಯಿಂದಲೇ ಬಂದವಳು. ಆ ಹೊತ್ತಿನಲ್ಲಿ ನಾನು ಕಾಲನ್ನು ಉಪ್ಪುನೀರಿನಲ್ಲಿ ಅದ್ದಿಕೊಂಡು ತೂಕಡಿಸುತ್ತಿದ್ದೆ.

ತಟ್ಟೆ ನನ್ನಲ್ಲಿಗೆ ಬಂದದ್ದು ನಿನಗೆ ಮರೆತಿರಲಾರದು. ಹನ್ನೊಂದು ವರ್ಷದ ಹಿಂದಿನ ಮೊಹರಂ ತಿಂಗಳಲ್ಲಿ ನೀನು ಆಶುರೆ ಪಾಯಸ ಮಾಡಿ, ನಾನು ಮಾತು ಬಿಟ್ಟು ಮೂರು ತಿಂಗಳಾಗಿದ್ದರೂ, ನೆರೆಯವಳ ಪಾಲು ತಪ್ಪಿಸಬಾರದೆಂದು ಕಳಿಸಿದೆ. ಮೇಲೆ ನೀನು ದಾಳಿಂಬೆ ಕಾಳಿನಿಂದ ಹೂವು ಬರೆದಿದ್ದೆ. ನಾನು ತಿಂದೆ. ಆಮೇಲೆ ತಟ್ಟೆ ನನ್ನ ಕುತ್ತಿಗೆಗೆ ಬಿತ್ತು. ಖಾಲಿ ಕಳಿಸಿದರೆ ನಿನಗೆ ಅವಮಾನ. ತುಂಬಿ ಕಳಿಸಿದರೆ ನಾವಿಬ್ಬರೂ ಮತ್ತೆ ಒಂದಾದೆವೆಂದು ಅರ್ಥ, ಅದಕ್ಕೆ ನನಗೆ ಯೋಗ್ಯತೆ ಇರಲಿಲ್ಲ. ಇಟ್ಟುಕೊಂಡೆ. ಪ್ರತಿ ವರ್ಷ ಆ ತಿಂಗಳು ಬಂದಾಗ ಇಳಿಸಿ ಒರೆಸುತ್ತಿದ್ದೆ, ಮತ್ತೆ ಹಂಡೆಯ ಹಿಂದೆ ಇಡುತ್ತಿದ್ದೆ. ನಜ್ಮಿಯೆ ಯಾಕೆ ಮಾತು ಬಿಟ್ಟಳು, ನಾನೇನು ಅಂದೆ, ನಾನೇನು ಮಾಡಿದೆ ಎಂದು ನೀನು ಇಷ್ಟು ವರ್ಷ ಯೋಚಿಸಿರುತ್ತೀಯ. ನೀನು ಏನೂ ಮಾಡಲಿಲ್ಲ.

ಮಾಡಿದವಳು ನಾನು. ಆ ಆಗಸ್ಟಿನಲ್ಲಿ ನಿನ್ನ ವರಾಂಡ ತುಂಬಿ ತುಳುಕುತ್ತಿತ್ತು, ನಗುವೇನು, ಗಿಟಾರೇನು. ನನ್ನ ಎಂಟೂ ಕೋಣೆಗಳ ಬೀಗದ ಕೈ ಮೊಳೆಗಳಲ್ಲಿ ನೇತಾಡುತ್ತಿದ್ದವು. ನಾನು ಮಿನಿಬಸ್ಸಿನ ನಿಲ್ದಾಣದಲ್ಲಿ 'ಕೋಣೆ ಇದೆ' ಎಂಬ ಹಲಗೆ ಹಿಡಿದು ಬಿಸಿಲಲ್ಲಿ ನಿಂತಿದ್ದೆ. ಅಂಕಾರಾದ ಮುಅಮ್ಮರ್ ಮೇಷ್ಟ್ರ ಸಂಸಾರ ಇಳಿಯಿತು, ಹದಿನಾಲ್ಕು ವರ್ಷದಿಂದ ನಿನ್ನ ಮನೆಗೇ ಬರುತ್ತಿದ್ದವರು. ಮೇಷ್ಟ್ರ ಹೆಂಡತಿ ನನ್ನನ್ನು ತಬ್ಬಿಕೊಂಡು, "ನಮ್ ಸಬಾಹತ್ ಹೇಗಿದ್ದಾಳೆ?" ಎಂದಳು. ನಮ್ ಸಬಾಹತ್ ಎಂದಳಲ್ಲ, ಅಲ್ಲೇ ಏನೋ ಉರಿದುಹೋಯಿತು. ಅವಳ ಕಿವಿಯ ಹತ್ತಿರ ಹೋಗಿ ಹೇಳಿದೆ, "ನನ್ ಬಾಯಿಂದ ಬಂತು ಅನ್ಬೇಡಿ. ಈ ವರ್ಷ ಅವಳ ಹಾಸಿಗೆಗಳಲ್ಲಿ ತಿಗಣೆ."

ಅಷ್ಟೇ ಹೇಳಿದ್ದು. ನಮ್ಮ ಕಸುಬಿನಲ್ಲಿ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮರ್ಯಾದಸ್ಥರು, ನಿನ್ನನ್ನು ಕೇಳಲು ನಾಚಿಕೊಂಡರು. ಮೂರು ವಾರ ನನ್ನ ಅಂಗಳದಲ್ಲಿ ಕುಳಿತು ನಿನ್ನ ಕಡೆ ನೋಡದೆ ಚಹಾ ಕುಡಿದರು. ಮಾತು ಸಮುದ್ರದಂಡೆಯುದ್ದಕ್ಕೂ ಹಬ್ಬಿ ಒಂದು ವಾರದಲ್ಲಿ ನಿನ್ನ ಕಿವಿಗೂ ಬಿತ್ತು. ನೀನು ಗೋಡೆಯ ಹತ್ತಿರ ಬಂದು, "ನಜ್ಮಿಯೆ, ಬೇಜಾರ್ ಮಾಡ್ಕೋಬೇಡ, ನೀನೇನಾದ್ರೂ ಅಂದ್ಯಾ?" ಎಂದು ಕೇಳಿದೆ. ನನ್ನ ಕೈಯಲ್ಲಿ ಆಗತಾನೆ ಅಂಗಡಿಯಿಂದ ತಂದ ಬಿಸಿ ರೊಟ್ಟಿ ಇತ್ತು. ಅದನ್ನು ಎದೆಗೆ ಹಿಡಿದು, ನಾನು ಹೇಳಿದ್ದರೆ ಈ ರೊಟ್ಟಿಯೇ ನನಗೆ ಶಾಪವಾಗಿ ತಟ್ಟಲಿ ಎಂದು ಆಣೆ ಮಾಡಿದೆ. ನೀನು ನನ್ನ ಕೆನ್ನೆ ಮುಟ್ಟಿ, ಕ್ಷಮಿಸು ಎಂದು ಹೋದೆ. ನಾನು ಮಾತು ಬಿಟ್ಟದ್ದು ಅವತ್ತೇ. ನೀನು ಅನುಮಾನಪಟ್ಟೆ ಎಂದಲ್ಲ. ನೀನು ನಂಬಿದೆ ಎಂದು.

ಆಮೇಲಿನದನ್ನು ಬರೆಯಲು ಕೈ ಏಳುತ್ತಿಲ್ಲ. ನಿನ್ನ ಯಜಮಾನರು, ನಮ್ಮ ಜೆವಾತ್ ಭಾವ, ಆ ಸೆಪ್ಟೆಂಬರ್ ಪೂರ್ತಿ ನಿನ್ನ ಹಾಸಿಗೆಗಳನ್ನೆಲ್ಲ ಒಬ್ಬರೇ ಬೆನ್ನ ಮೇಲೆ ಹೊತ್ತು ಮಾಳಿಗೆಗೆ ಏರಿಸಿದರು. ಇಡೀ ಊರಿಗೆ ಕಾಣುವ ಹಾಗೆ ಬಿಸಿಲಿಗೆ ಹಾಕಿ ಬಡಿದರು. ಆ ಸದ್ದಿಗೆ ನಾನು ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ. ಮಾರ್ಚಿನಲ್ಲಿ ಅವರ ಹೃದಯ ನಿಂತಿತು. ಡಾಕ್ಟರು ಹುಟ್ಟಿನಿಂದ ಬಂದ ದೋಷ ಎಂದರಂತೆ, ಗುಲ್ಸುಮ್ ಹೇಳಿದಳು. ಇರಬಹುದು. ನನಗೆ ಮಾತ್ರ ಆ ಹಾಸಿಗೆಗಳೇ ಕಾಣುತ್ತವೆ. ಸಾವಿನ ಮನೆಯಲ್ಲಿ ಏಳು ದಿನ ಒಲೆ ಹಚ್ಚುವುದಿಲ್ಲ, ಅನ್ನ ನೀರು ನೆರೆಯವರದು. ಇಡೀ ಬೀದಿ ನಿನ್ನ ಮನೆಗೆ ಪಾತ್ರೆ ಹೊತ್ತಿತು. ನಾನು ಏಳು ದಿನವೂ ಸಾರು ಮಾಡಿದೆ, ಏಳು ದಿನವೂ ಗೋಡೆಯವರೆಗೆ ತಂದೆ, ಏಳು ದಿನವೂ ಅಂಜೂರದ ಬುಡಕ್ಕೆ ಸುರಿದೆ.

ಗುರುವಾರ ಸಂಜೆ ಮಾಲ್ಲೆಗೆ ಎಲ್ಲ ಹೇಳಿದೆ. ಮೊದಲು ರೇಗಿದೆ ಅವಳ ಮೇಲೆ, "ನಿನ್ನನ್ಯಾರು ಕೇಳಿದ್ರು? ರಜಾ ಕಳೆಯೋಕೆ ಬಂದೋಳು ರಜಾ ಕಳ್ದು ಹೋಗ್ಬಾರ್ದಾ?" ಅವಳ ಮುಖ ಬಾಡಿತು. ನೋಟುಬುಕ್ಕು ತೆರೆದು, "ನಾನು ತಪ್ಪು ಮಾಡಿದೆನೇ? ತಟ್ಟೆಯ ವಿಷಯ ಹಾಗಲ್ಲವೇ?" ಎಂದು ಕೇಳಿದಳು. ತಟ್ಟೆಯ ವಿಷಯ ಹಾಗೆಯೇ, ಅವಳು ಮಾಡಿದ್ದು ಸರಿಯೇ. ಈ ಬೀದಿಯಲ್ಲಿ ಹುಟ್ಟಿದ ನಾನು ಹನ್ನೊಂದು ವರ್ಷ ಮಾಡದ್ದನ್ನು ಅವಳು ಹದಿನೈದು ದಿನದ ರಜೆಯಲ್ಲಿ ಮಾಡಿದಳು. ಕುಳಿತು ಪೂರ್ತಿ ಕೇಳಿದಳು. ಎಷ್ಟು ಅರ್ಥವಾಯಿತೋ. ಕೊನೆಗೆ ನನ್ನ ಊದಿದ ಕಾಲನ್ನು ತನ್ನ ಮಡಿಲಿಗೆ ಎತ್ತಿಕೊಂಡಳು.

ಸುಮ್ಮನಿದ್ದುಬಿಡಬಹುದಿತ್ತು, ಸಬಾಹತ್. ನೀನೇ ತಪ್ಪೊಪ್ಪಿಕೊಂಡು ನೀನೇ ಬಾಗಿಲು ತೆರೆದಿದ್ದೆ. ಒಳಗೆ ಬಂದು ಚಹಾ ಕುಡಿದರೆ ಮುಗಿಯುತ್ತಿತ್ತು. ಎರಡು ದಿನ ಅದನ್ನೇ ಯೋಚಿಸಿದೆ. ಚಳಿಗಾಲದಲ್ಲಿ ಇಬ್ಬರೂ ಒಂದೇ ಒಲೆಯ ಮುಂದೆ ಕೂರುವುದನ್ನು ನೆನೆದು ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ನೀನು ನನ್ನ ಕ್ಷಮೆ ಕೇಳಿದ್ದನ್ನು ಹೊತ್ತುಕೊಂಡು ಆ ಒಲೆಯ ಮುಂದೆ ಕೂರಲು ನನ್ನಿಂದಾಗದು. ಒಂದು ಸುಳ್ಳನ್ನು ಕಾಯ್ದೇ ಇಷ್ಟು ಸೋತಿದ್ದೇನೆ, ಇನ್ನೊಂದನ್ನು ಹೊರುವುದಕ್ಕೆ ಆಗುವುದಿಲ್ಲ. ನಿನ್ನನ್ನು ಮತ್ತೆ ಕಳೆದುಕೊಳ್ಳುತ್ತೇನೆಂದು ಹೆದರಿಕೆಯಿದೆ. ಆದರೂ ಬರೆದೆ.

ಇವತ್ತು ಬೆಳಗ್ಗೆ ರವೆಯ ಹಲ್ವಾ ಮಾಡಿದೆ. ಜೆವಾತ್ ಭಾವನ ಹೆಸರಿನಲ್ಲಿ, ಹತ್ತೂವರೆ ವರ್ಷ ತಡವಾಗಿ. ರವೆ ಕೆಂಪಗಾಗುವವರೆಗೂ ಮಗುಚಬೇಕಲ್ಲ, ಅರ್ಧದಲ್ಲಿ ನನ್ನ ತೋಳು ಸೋತಿತು. ಮಾಲ್ಲೆ ಸೌಟು ತೆಗೆದುಕೊಂಡಳು. ಮಗುಚುವವರು ಹೋದವರಿಗಾಗಿ ಪ್ರಾರ್ಥಿಸಬೇಕೆಂದು ಅವಳಿಗೆ ಗೊತ್ತಿತ್ತು, ಯಾವ ಭಾಷೆಯಲ್ಲಿ ಎಂದು ಮಾತ್ರ ಕೇಳಿದಳು. "ನಿನ್ ಭಾಷೇಲೇ ಹೇಳು, ಭಾವ ಅರ್ಥ ಮಾಡ್ಕೋತಾರೆ, ಪ್ರವಾಸಿಗರ ಜೊತೆ ಬದುಕಿದೋರು" ಎಂದೆ. ಎಷ್ಟೋ ವರ್ಷದ ಮೇಲೆ ಅವರ ಹೆಸರು ಹೇಳಿ ನಕ್ಕೆ, ಆಮೇಲೆ ಅತ್ತೆ. ಹಲ್ವಾಗೆ ಉಪ್ಪು ಬಿದ್ದಿದ್ದರೆ ಕ್ಷಮಿಸು.

ಸೋಮವಾರ ಮಾಲ್ಲೆ ಹೊರಡುತ್ತಾಳೆ. ಆಮೇಲೆ ಕಿಟಕಿ ಮುಚ್ಚುತ್ತೇನೆ, ಮನೆಯಲ್ಲಿ ನಾನೊಬ್ಬಳೇ. ನೀನು ಬಂದು ಬೈದರೂ ಬೀದಿಗೆ ಕೇಳದು. ಬಂದು ಬೈಯಿ.

ಗೋಡೆಯ ಈಚೆಯ,
ನಜ್ಮಿಯೆ

ಮರೆತೆ: ಹಲ್ವಾ ಬಂದಿರುವ ತಟ್ಟೆಯನ್ನು ತಿರುಗಿಸಿ ನೋಡು. ಅದು ನಿನ್ನದಲ್ಲ, ನನ್ನದು, ಅದೇ ಕೆಂಪು ಉಗುರುಬಣ್ಣದಲ್ಲಿ ನನ್ನ ಹೆಸರಿದೆ. ನಿನ್ನ ತಟ್ಟೆ ನನ್ನ ಬಳಿಯೇ ಇದೆ, ಹಂಡೆಯ ಹಿಂದಲ್ಲ, ಒಲೆಯ ಪಕ್ಕದಲ್ಲಿ. ಬೇಕೆಂದೇ ಹೀಗೆ ಮಾಡಿದ್ದೇನೆ. ಎಷ್ಟು ಸಿಟ್ಟು ಬಂದರೂ ನೀನು ತಟ್ಟೆಯನ್ನು ಖಾಲಿ ಕಳಿಸುವವಳಲ್ಲ. ತುಂಬಲು ಮನಸ್ಸು ಬರುವವರೆಗೆ ಇಟ್ಟುಕೋ. ಹನ್ನೊಂದು ವರ್ಷ ಬೇಕಾದರೆ ಹನ್ನೊಂದು ವರ್ಷ. ನನಗೀಗ ಅರವತ್ತಮೂರು. ಎಪ್ಪತ್ತನಾಲ್ಕರವರೆಗೆ ಕಾಯುತ್ತೇನೆ.